ಶಾಲೆಯ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುವ ಮೊದಲು

ಮಾನ್ಯ ಸಂಪಾದಕರಿಗೆ,

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಸಿಗುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅಂದಿನಿಂದ ನಮ್ಮ ಸುತ್ತಲಿನ ಶಾಲೆಗಳಲ್ಲಿ ‘ಇರುವ ಕಂಪ್ಯೂಟರ್‌ಗಳ ಆಯಸ್ಸು ಮುಗಿಯಿತು, ಹೊಸದನ್ನೇ ತರಬೇಕು’ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು ಈಗಲೂ ವಾರಕ್ಕೆರಡು ದಿನ ಹಳೆಯ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಮಕ್ಕಳೊಂದಿಗೆ ಕುಳಿತುಕೊಳ್ಳುತ್ತೇನೆ. ಆ ಮಾತು ನಿಜವಲ್ಲ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಶಾಲೆಯಲ್ಲಿ ಹದಿನಾಲ್ಕು ಕಂಪ್ಯೂಟರ್‌ಗಳಿವೆ. ಎಲ್ಲವೂ ಹತ್ತು ವರ್ಷದ ಹಿಂದೆ ದಾನಿಯೊಬ್ಬರಿಂದ ಬಂದವು. ನಾಲ್ಕನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, 4 ಜಿಬಿ ರ್‍ಯಾಮ್. ಅವನ್ನು ಪರೀಕ್ಷಿಸಲು ಬಂದ ಮಾರಾಟಗಾರರ ಕಡೆಯವರು ಹದಿನಾಲ್ಕನ್ನೂ ಬದಲಿಸಬೇಕೆಂದು ಬರೆದುಕೊಟ್ಟರು. ಅವರು ಕೊಟ್ಟ ದರಪಟ್ಟಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಿದಾಗ, ಶೌಚಾಲಯದ ದುರಸ್ತಿಗೆ ಎತ್ತಿಟ್ಟ ಹಣವನ್ನೂ ಸೇರಿಸಿದರೂ ಅದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ‘ಏನು ಮಾಡೋದು ಸರ್, ಲ್ಯಾಬ್ ಮುಚ್ಚೋದೇ?’ ಎಂದು ನನ್ನನ್ನು ಕೇಳಿದರು.

ಬೆಂಬಲ ಮುಗಿಯಿತೆಂದರೆ ಯಂತ್ರ ಕೆಟ್ಟಿತೆಂದು ಅರ್ಥವಲ್ಲ. ಭದ್ರತೆಯ ಲೋಪಗಳು ಪತ್ತೆಯಾದಾಗ ಅವುಗಳನ್ನು ಸರಿಪಡಿಸುವ ತೇಪೆಗಳು ಇನ್ನು ಮುಂದೆ ಎಂದಿನಂತೆ ತಾವಾಗಿಯೇ ಬರುವುದಿಲ್ಲ ಎಂದಷ್ಟೇ ಅರ್ಥ. ಅಂತರ್ಜಾಲಕ್ಕೆ ಜೋಡಿಸಿದ ಯಂತ್ರಕ್ಕೆ ಇದು ಸಣ್ಣ ಅಪಾಯವೇನಲ್ಲ, ಹಾಗಾಗಿ ಹಳೆಯ ವ್ಯವಸ್ಥೆಯಲ್ಲೇ ಮುಂದುವರಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಕಂಪನಿ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರನ್ನೂ ಕೇಳುತ್ತದೆ. ಇಂಟೆಲ್‌ನದಾದರೆ ಆ ಪಟ್ಟಿ ಬಹುಮಟ್ಟಿಗೆ 2017ರಲ್ಲಿ ಬಂದ ಎಂಟನೇ ತಲೆಮಾರಿನಿಂದ ಆರಂಭವಾಗುತ್ತದೆ. ಅದಕ್ಕಿಂತ ಹಿಂದಿನ ಯಂತ್ರಗಳು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಪಟ್ಟಿಯಿಂದ ಹೊರಗೆ. ಗಡುವು ಮುಗಿದಿರುವುದು ಒಂದು ತಂತ್ರಾಂಶದ್ದು. ಗುಜರಿಗೆ ಹೋಗಲು ಸಾಲುಗಟ್ಟಿರುವುದು ಮಾತ್ರ ಯಂತ್ರಗಳು.

ನಾವು ಮಾಡಿದ್ದು ಇಷ್ಟು. ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಒಂದು ರೂಪ ಲಿನಕ್ಸ್ ಮಿಂಟ್. ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಒಂದು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಪ್ರತಿ ಯಂತ್ರವನ್ನೂ ನಡೆಸಿ ನೋಡಿದೆವು. ಹನ್ನೆರಡು ಸರಿಯಾಗಿ ಕೆಲಸ ಮಾಡಿದವು. ಉಳಿದೆರಡರ ಮದರ್‌ಬೋರ್ಡ್ ಮೊದಲೇ ಹೋಗಿತ್ತು. ಮಕ್ಕಳ ಮತ್ತು ಕಚೇರಿಯ ಕಡತಗಳನ್ನು ಬೇರೆಡೆ ನಕಲಿಸಿಟ್ಟು, ಎರಡು ಶನಿವಾರಗಳಲ್ಲಿ ಹನ್ನೆರಡಕ್ಕೂ ಅದನ್ನು ಅನುಸ್ಥಾಪಿಸಿದೆವು. ಈ ಆವೃತ್ತಿಗೆ 2 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತದೆ, ನಮ್ಮಲ್ಲಿ ಅದರ ಎರಡರಷ್ಟಿದೆ. ಮಿಂಟ್ 22ಕ್ಕೆ ಭದ್ರತಾ ತೇಪೆಗಳು 2029ರವರೆಗೆ ಬರುತ್ತವೆ. ಈಗ ಎಂಟನೇ ತರಗತಿಯಲ್ಲಿರುವ ಮಕ್ಕಳು ಆ ಹೊತ್ತಿಗೆ ಎಸ್‌ಎಸ್‌ಎಲ್‌ಸಿ ಮುಗಿಸಿರುತ್ತಾರೆ.

ಕನ್ನಡದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಶಿಕ್ಷಕರು ಹಿಂದೇಟು ಹಾಕುವುದು ಅಲ್ಲಿಯೇ. ‘ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ’ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ವಾಸ್ತವದಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶ ಬಳಸುವವರ ಬೆರಳುಗಳಿಗೆ ರೂಢಿಯಾಗಿರುವ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಬಹಳ ಕಾಲದಿಂದಲೂ ಇದೆ, ಅದೇ ಹೆಸರಿನಲ್ಲಿಯೇ ಇದೆ. ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಫಾಂಟುಗಳು ಡೆಬಿಯನ್‌ನಂತಹ ಲಿನಕ್ಸ್ ಹಂಚಿಕೆಗಳ ಭಂಡಾರದಲ್ಲೇ ದೊರೆಯುತ್ತವೆ. ಪತ್ರ, ಅಂಕಪಟ್ಟಿ, ಪ್ರಶ್ನೆಪತ್ರಿಕೆಗಳಿಗೆ ಬೇಕಾದ ಲಿಬ್ರೆಆಫೀಸ್ ಕನ್ನಡದ ಪರಿವಿಡಿಯೊಂದಿಗೇ (ಮೆನು) ಸಿಗುತ್ತದೆ.

ನಿಜವಾದ ತೊಡಕು ಇರುವುದು ಹಳೆಯ ಕಡತಗಳಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಎಂಬ ಜಾಗತಿಕ ಮಾನದಂಡವನ್ನು ಬಳಸದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಠ್ಯ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಬರವಣಿಗೆ ಅದು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ನೆತ್ತಿಯ ಮೇಲೆ ಚುಕ್ಕೆ, ಗೀಟುಗಳನ್ನು ಹೊತ್ತ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಆ ಕಾಲದ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಬೇರೆ ಸುಲಭದ ದಾರಿ ಇರಲಿಲ್ಲ, ಆ ತಂತ್ರಾಂಶಗಳಿಂದಲೇ ಕನ್ನಡ ಕಚೇರಿಗಳಿಗೂ ಮುದ್ರಣಾಲಯಗಳಿಗೂ ಬಂದಿತು, ಅದಕ್ಕೆ ನಾನು ಋಣಿ. ಆದರೆ 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗವಿದೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳನ್ನು ಕನ್ನಡದ ಆಸಕ್ತರೇ ಬರೆದು ಮುಕ್ತವಾಗಿ ಹಂಚಿದ್ದಾರೆ. ಪರಿವರ್ತನೆಯ ನಂತರ ಅರ್ಕಾವತ್ತನ್ನು ಮಾತ್ರ ಎಚ್ಚರದಿಂದ ನೋಡಬೇಕು. ಹಳೆಯ ಕ್ರಮದಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಕುಳಿತರೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ರಕಾರವೇ ಮೊದಲು ಬರಬೇಕು. ಇದನ್ನು ಗಮನಿಸದ ಪರಿವರ್ತಕದಲ್ಲಿ ‘ಸೂರ್ಯ’ ಎಂಬುದು ‘ಸೂಯರ್’ ಆಗುತ್ತದೆ. ನಮ್ಮ ಶಾಲೆಯ ಹನ್ನೊಂದು ವರ್ಷದ ಪ್ರಶ್ನೆಪತ್ರಿಕೆಗಳನ್ನು ಇಬ್ಬರು ಶಿಕ್ಷಕಿಯರು ದಸರಾ ರಜೆಗಾಗಿ ಕಾಯದೆ, ದಿನಕ್ಕೆ ನಾಲ್ಕೈದರಂತೆ ತಿದ್ದಿ ಮುಗಿಸಿದರು. ವಿಂಡೋಸ್‌ನಲ್ಲೇ ಉಳಿದಿದ್ದರೂ ಈ ಕೆಲಸ ಎಂದಾದರೂ ಆಗಲೇಬೇಕಿತ್ತು.

ಹಣದ ಉಳಿತಾಯಕ್ಕಿಂತ ನನಗೆ ಮುಖ್ಯವೆನಿಸಿದ ಇನ್ನೊಂದು ಸಂಗತಿಯಿದೆ. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ಸರ್, ಇಲ್ಲಿ ಬಲಕ್ಕೆ ಅಂತ ಇರಬೇಕಾದ ಕಡೆ ಸರಿ ಅಂತ ಇದೆ’ ಎಂದು ತಂತ್ರಾಂಶವೊಂದರ ಪರಿವಿಡಿಯನ್ನು ತೋರಿಸಿದಳು. ಇಂಗ್ಲಿಷ್‌ನ ಒಂದೇ ಪದಕ್ಕಿರುವ ಎರಡು ಅರ್ಥಗಳಲ್ಲಿ ಅನುವಾದಕರು ತಪ್ಪಾದದ್ದನ್ನು ಆರಿಸಿದ್ದರು. ಅದನ್ನು ಅನುವಾದಿಸಿದವರು ನಮ್ಮ ನಿಮ್ಮಂತಹ ಕನ್ನಡಿಗರೇ, ನೀನೂ ತಿದ್ದಬಹುದು ಎಂದಾಗ ಅವಳು ನಂಬಲಿಲ್ಲ. ನಾವಿಬ್ಬರೂ ಕುಳಿತು ತಿದ್ದುಪಡಿಯನ್ನು ಕಳುಹಿಸಿದೆವು, ಕೆಲವು ವಾರಗಳಲ್ಲಿ ಅದು ಅಂಗೀಕಾರವಾಯಿತು. ಮುಂದಿನ ಆವೃತ್ತಿ ಬಂದಾಗ ಆ ಹುಡುಗಿ ಪರಿವಿಡಿಯನ್ನು ತೆರೆದು ತನ್ನ ಪದವನ್ನು ಗೆಳತಿಯರಿಗೆಲ್ಲ ತೋರಿಸಿದಳು. ಮುಕ್ತ ಪರವಾನಗಿಯು ತಂತ್ರಾಂಶವನ್ನು ಬಳಸುವ, ಅದರ ಸೋರ್ಸ್ ಕೋಡ್ (ಮೂಲ ಬರಹ) ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ ಎಂದು ಪಾಠದಲ್ಲಿ ಎಷ್ಟು ಬಾರಿ ಹೇಳಿದ್ದರೂ ಆ ಒಂದು ಪದ ಕಲಿಸಿದಷ್ಟನ್ನು ನನ್ನಿಂದ ಕಲಿಸಲಾಗುತ್ತಿರಲಿಲ್ಲ.

ಇದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಲಿನಕ್ಸ್‌ನ ಇನ್ನೊಂದು ರೂಪವಾದ ಉಬುಂಟು ಬಳಸುವುದನ್ನು ಕಲಿತರು, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣಕ್ಕೆ ಪಾಠಗಳನ್ನು ಬರೆದರು. ನಾನು ಜಿಯೋಜಿಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ವೃತ್ತದ ಸ್ಪರ್ಶಕವನ್ನು ಎಳೆಯಲು ಕಲಿತದ್ದು ಅಂತಹ ತರಬೇತಿಯಲ್ಲಿಯೇ. ಅಲ್ಲಿ ಕಲಿತವರಲ್ಲಿ ಅನೇಕರು ಇಂದಿಗೂ ಸೇವೆಯಲ್ಲಿದ್ದಾರೆ. ನೆರೆಯ ಕೇರಳವು ಐಟಿ@ಸ್ಕೂಲ್ ಎಂದು ಆರಂಭಿಸಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಬೆಳೆಸಿದ ಯೋಜನೆಯ ಮೂಲಕ ತನ್ನ ಶಾಲೆಗಳಿಗೆಂದೇ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿಕೊಂಡಿದೆ. ಅಲ್ಲಿ ಕಂಪ್ಯೂಟರ್ ವಿಷಯದ ಪಠ್ಯವೂ ಪರೀಕ್ಷೆಯೂ ಅದರ ಮೇಲೆಯೇ ನಡೆಯುತ್ತವೆ. ಕೇಂದ್ರ ಸರ್ಕಾರವು ತನ್ನ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕು, ನೀಡದಿದ್ದರೆ ಕಾರಣ ಬರೆಯಬೇಕು ಎಂಬ ನೀತಿಯನ್ನು 2015ರಲ್ಲೇ ಪ್ರಕಟಿಸಿದೆ.

ತೊಂದರೆಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ಕಚೇರಿಯ ಹಳೆಯ ಸ್ಕ್ಯಾನರ್‌ಗೆ ಚಾಲಕ ತಂತ್ರಾಂಶ ಸಿಗಲೇ ಇಲ್ಲ. ಪದವಿಪೂರ್ವ ಕಾಲೇಜಿನ ವಾಣಿಜ್ಯ ವಿದ್ಯಾರ್ಥಿಗಳು ಲೆಕ್ಕಪತ್ರದ ಟ್ಯಾಲಿ ತಂತ್ರಾಂಶವನ್ನು ಕಲಿಯಬೇಕಾದರೆ ವಿಂಡೋಸ್ ಇರುವ ಯಂತ್ರಗಳು ಕೆಲವಾದರೂ ಬೇಕು. ವಿದ್ಯಾರ್ಥಿಗಳ ಮಾಹಿತಿ ತುಂಬುವ ಸ್ಯಾಟ್ಸ್‌ನಂತಹ ಇಲಾಖೆಯ ಜಾಲತಾಣಗಳು ಬ್ರೌಸರಿನಲ್ಲಿಯೇ ತೆರೆಯುವುದರಿಂದ ಅಲ್ಲಿ ಅಡ್ಡಿಯಾಗಲಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಏನಾದರೂ ಕೈಕೊಟ್ಟಾಗ ಫೋನು ಮಾಡಿ ಕೇಳಬಹುದಾದ ಮನುಷ್ಯ. ನಮ್ಮ ಶಾಲೆಗೆ ನಿವೃತ್ತನಾದ ನಾನಿದ್ದೇನೆ; ಪಕ್ಕದ ಊರಿನ ಶಾಲೆಗೆ ಯಾರೂ ಇಲ್ಲ, ಅಲ್ಲಿಯ ಕಂಪ್ಯೂಟರ್‌ಗಳು ಈಗ ಬಟ್ಟೆ ಹೊದ್ದು ಮೂಲೆಯಲ್ಲಿವೆ.

ಆದ್ದರಿಂದ ಶಾಲಾ ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ಹೀಗಿದೆ. ವಿಂಡೋಸ್ 11ಕ್ಕೆ ಅರ್ಹವಲ್ಲ ಎಂಬ ಒಂದೇ ಕಾರಣಕ್ಕೆ ಯಾವ ಶಾಲೆಯೂ ಕಂಪ್ಯೂಟರ್‌ಗಳನ್ನು ವಿಲೇವಾರಿ ಮಾಡಬಾರದೆಂದು ಸುತ್ತೋಲೆ ಹೊರಡಿಸಬೇಕು. ಹಿಂದೆ ಮುಕ್ತ ತಂತ್ರಾಂಶದ ತರಬೇತಿ ಪಡೆದ ಶಿಕ್ಷಕರಲ್ಲಿ ತಾಲ್ಲೂಕಿಗೊಬ್ಬರನ್ನು ಗುರುತಿಸಿ, ವಾರದಲ್ಲಿ ಒಂದು ದಿನವನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟು, ಅವರ ದೂರವಾಣಿ ಸಂಖ್ಯೆಯನ್ನು ಎಲ್ಲ ಶಾಲೆಗಳಿಗೆ ತಿಳಿಸಬೇಕು. ಇಲಾಖೆ ಕಳುಹಿಸುವ ನಮೂನೆ, ಸುತ್ತೋಲೆಗಳೆಲ್ಲ ಯೂನಿಕೋಡ್‌ನಲ್ಲೇ ಇರಬೇಕು. ಮೇ ತಿಂಗಳ ಕೊನೆಗೆ ಶಾಲೆಗಳು ಆರಂಭವಾಗುವ ಮುನ್ನ ಇಷ್ಟು ಆದರೆ, ಪಕ್ಕದ ಊರಿನ ಶಾಲೆಗೆ ಪೆನ್‌ಡ್ರೈವ್ ಹಿಡಿದು ಹೋಗಲು ನಾನು ಈ ರಜೆಯಲ್ಲೇ ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ