ಶಿವು, ನಿನ್ನ ಟೆರೇಸ್ ಪಾರ್ಟಿಗೆ ಯಾವ ಬಿಯರ್ ತರೋದು?

ಶಿವು,

ನೀನು ಫೋನ್ ಇಟ್ಟ ಮೇಲೂ ತಲೆಯಲ್ಲಿ ಅದೇ ಓಡುತ್ತಿತ್ತು. "ನಲವತ್ತು ತುಂಬ್ತಾ ಇದೆ, ಬಿಯರ್ ವಿಷಯ ನಿನಗೇ ಬಿಟ್ಟಿದ್ದೀನಿ, ಏನು ತರಲಿ ಹೇಳು" ಅಂದೆ. ಹೇಳೋಕೆ ಹೊರಟೆ, ಎರಡು ಮಾತಲ್ಲಿ ಮುಗಿಯುವ ವಿಷಯ ಅಲ್ಲ ಅನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಉಳಿದ ಗೆಳೆಯರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಬೇಜಾರಿಲ್ಲ ತಾನೇ?

ನೀನು ಹೇಳಿದ ಲೆಕ್ಕ 24 ಜನ. ಹಾಸ್ಟೆಲ್‌ನ ನಾವು ಐದು ಮಂದಿ, ನಿನ್ನ ಆಫೀಸಿನವರು, ಸುಮಾಳ ಕಾಲೇಜು ಗೆಳತಿಯರು, ಕೆಳಗಿನ ಮನೆಯವರು, ಮಂಡ್ಯದಿಂದ ಚಿಕ್ಕಪ್ಪ ಮತ್ತು ಅವರ ಮಗ. ಇದರಲ್ಲಿ ಎಂಟು ಜನ ಕುಡಿಯುವುದೇ ಇಲ್ಲ. ಈ ಎಂಟು ಜನರನ್ನು ಮರೆಯಬೇಡ. ಅವರ ಬಗ್ಗೆ ಆಮೇಲೆ ಬರುತ್ತೇನೆ.

ಮೂರು ವರ್ಷದ ಹಿಂದೆ ನಮ್ಮ ಮನೆ ಟೆರೇಸ್ ಮೇಲೆ ನಾನು ಪಾರ್ಟಿ ಮಾಡಿದ್ದೆ. ನೀನು ಆಗ ಪುಣೆಯಲ್ಲಿದ್ದೆ. ನನಗೆ ಐಪಿಎ (ಇಂಡಿಯಾ ಪೇಲ್ ಏಲ್) ಅನ್ನುವ ಕಹಿ ಬಿಯರ್ ಇಷ್ಟ ಅಂತ ಅದನ್ನೇ ಒಂದು ಕೇಸ್ ತಂದೆ. "ನಮ್ಮವರಿಗೆ ಕಿಕ್ ಬೇಕು" ಅಂದುಕೊಂಡು ಸ್ಟ್ರಾಂಗ್ ಒಂದು ಕೇಸ್ ತಂದೆ. ಬೇರೆ ಏನೂ ಯೋಚಿಸಲಿಲ್ಲ. ರಾತ್ರಿ ಹತ್ತಕ್ಕೆ ನೋಡಿದರೆ ಪ್ಯಾರಪೆಟ್ ಮೇಲೆ ಸಾಲಾಗಿ ಅರ್ಧರ್ಧ ಐಪಿಎ ಗ್ಲಾಸುಗಳು. ಒಂದು ಗುಟುಕು ಕುಡಿದು ಕಹಿ ಅಂತ ಇಟ್ಟು ಹೋಗಿದ್ದರು. ಅತ್ತ ನನ್ನ ದೊಡ್ಡಪ್ಪನ ಮಗ ಸ್ಟ್ರಾಂಗ್ ಎರಡು ಬಾಟಲಿ ಬೇಗಬೇಗ ಮುಗಿಸಿ ವಾಂತಿ ಮಾಡಿಕೊಂಡ. ಆದರೆ ನನಗೆ ಇವತ್ತಿಗೂ ನೋವಾಗುವುದು ಬೇರೆಯದಕ್ಕೆ. ಆಫೀಸಿನ ಒಬ್ಬ ಗೆಳೆಯ ಕುಡಿಯುವವನಲ್ಲ. ಅವನಿಗೆ ಕೊಡಲು ನನ್ನ ಹತ್ತಿರ ಬಿಸಿಯಾದ ಒಂದು ಕೋಲಾ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ. ಕೈಯಲ್ಲಿ ನೀರಿನ ಬಾಟಲಿ ಹಿಡಿದು ಮೂಲೆಯಲ್ಲಿ ನಿಂತಿದ್ದ. ಎಂಟೂವರೆಗೆ ಯಾರಿಗೂ ಹೇಳದೆ ಹೊರಟುಹೋದ. ಅವನು ಹೋಗಿದ್ದು ನನಗೆ ಗೊತ್ತಾಗಿದ್ದೇ ಊಟಕ್ಕೆ ಕೂತಾಗ.

ಅಂಗಡಿಗೆ ಹೋಗುವಾಗ ನಿನ್ನ ನಾಲಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗು ಶಿವು. ಬರುವವರ ನಾಲಿಗೆ ನೆನಪಿಟ್ಟುಕೋ.

ಮೊದಲು ಈ ಸ್ಟ್ರಾಂಗ್ ವಿಷಯ. ಅಂಗಡಿಯಲ್ಲಿ ಬಿಯರ್ ಅಂದ ತಕ್ಷಣ "ಸ್ಟ್ರಾಂಗಾ, ಮೈಲ್ಡಾ?" ಅಂತ ಕೇಳುತ್ತಾರೆ. ನಮ್ಮ ಕಡೆ ಬಾಯಿಗೆ ಬರುವುದು ಸ್ಟ್ರಾಂಗ್. ಅದೇ ದುಡ್ಡಿಗೆ ಜಾಸ್ತಿ ಏರುತ್ತೆ ಅನ್ನುವ ಲೆಕ್ಕ. ಆದರೆ ಇನ್ನೊಂದು ಲೆಕ್ಕ ಹಾಕಿ ನೋಡು. ಸ್ಟ್ರಾಂಗ್ ಬಿಯರ್‌ನಲ್ಲಿ ಆಲ್ಕೋಹಾಲ್ 8%ವರೆಗೂ ಇರುತ್ತದೆ. 650 ಎಂ.ಎಲ್. ಬಾಟಲಿಗೆ ಅದು 52 ಎಂ.ಎಲ್. ಆಯಿತು. ನಮ್ಮ ವಿಸ್ಕಿ 42.8%. 60 ಎಂ.ಎಲ್.ನ ಒಂದು ಪೆಗ್‌ನಲ್ಲಿ, ಅಂದರೆ ಒಂದು ಲಾರ್ಜ್‌ನಲ್ಲಿ, ಸುಮಾರು 26 ಎಂ.ಎಲ್. ಅಂದರೆ ಸ್ಟ್ರಾಂಗ್ ಒಂದು ಬಾಟಲಿ ಅಂದರೆ ಎರಡು ಲಾರ್ಜ್. ಬಿಯರ್ ತಾನೇ ಅಂತ ನೀರಿನ ಥರ ಕುಡಿಯುವ ಹುಡುಗ ಒಂದು ಗಂಟೆಯಲ್ಲಿ ಎರಡು ಬಾಟಲಿ ಮುಗಿಸಿದರೆ ನಾಲ್ಕು ಲಾರ್ಜ್ ಹೊಟ್ಟೆಯಲ್ಲಿ. ನನ್ನ ದೊಡ್ಡಪ್ಪನ ಮಗನಿಗೆ ಆಗಿದ್ದು ಇದೇ, ಮತ್ತು ಬಾಟಲಿ ಇಟ್ಟಿದ್ದು ನಾನು. 5% ಆಸುಪಾಸಿನ ಮೈಲ್ಡ್ ಆದರೆ ಒಂದು ಬಾಟಲಿಗೆ 32 ಎಂ.ಎಲ್. ಚಿಲ್ಲರೆ. ಮಾತಾಡುತ್ತಾ, ನಗುತ್ತಾ, ಊಟದವರೆಗೂ ಎಳೆಯಬಹುದು.

ಹಾಗಾಗಿ ನಿನ್ನ ಮುಖ್ಯ ಬಿಯರ್ ಮೈಲ್ಡ್ ಲಾಗರ್, ಅಂದರೆ ಕಹಿ ಕಡಿಮೆ ಇರುವ ತಿಳಿ ಬಿಯರ್ ಇರಲಿ. ಕಿಂಗ್‌ಫಿಷರ್ ಪ್ರೀಮಿಯಂ, ಅಲ್ಟ್ರಾ, ಬಡ್‌ವೈಸರ್, ಹೈನೆಕೆನ್, ಇವುಗಳಲ್ಲಿ ಯಾವುದಾದರೂ ಒಂದು. ಬಡ್‌ವೈಸರ್‌ಗೆ ಬಾರ್ಲಿ ಜೊತೆ ಅಕ್ಕಿಯನ್ನೂ ಹಾಕುತ್ತಾರೆ. ಅದಕ್ಕೇ ಅದು ನಾಲಿಗೆ ಮೇಲೆ ಅಷ್ಟು ಹಗುರ. ಬಿಯರ್ ಬಲ್ಲವರು ಇದನ್ನೆಲ್ಲ "ಸಪ್ಪೆ" ಅನ್ನಬಹುದು. ಅನ್ನಲಿ. 24 ಜನರ ಪಾರ್ಟಿಯಲ್ಲಿ ಯಾರೂ ಮುಖ ಕಿವುಚದ ಬಿಯರ್ ಅಂದರೆ ಇದೇ. ಅದೂ ನಮ್ಮ ಊಟದ ಜೊತೆ. ನೀನು ಪೆಪ್ಪರ್ ಚಿಕನ್, ಗೋಬಿ ಮಂಚೂರಿ ಮಾಡಿಸುತ್ತಿದ್ದೀಯ. ಖಾರದ ಜೊತೆ ಕಹಿ ಸೇರಿದರೆ ಖಾರ ಇನ್ನೂ ಚುರುಕಾಗುತ್ತದೆ. ಐಪಿಎ ಕಹಿ ಬರುವುದು ಹಾಪ್ಸ್ ಅನ್ನುವ ಬಳ್ಳಿಯ ಹೂವಿನಿಂದ. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ನಮ್ಮ ದೇಶಕ್ಕೆ ಬರುವ ಬಿಯರ್ ಕೆಡದಿರಲಿ ಅಂತ ಅದನ್ನು ಜಾಸ್ತಿ ಹಾಕುತ್ತಿದ್ದರು. ನನಗೆ ಆ ಕಹಿ ಪ್ರಾಣ. ಆದರೆ ಅದು ಸಕ್ಕರೆ ಇಲ್ಲದ ಡಿಕಾಕ್ಷನ್ ಥರ, ನಿಧಾನಕ್ಕೆ ಹಿಡಿಯುವ ರುಚಿ. ಮೊದಲ ಸಲ ಕುಡಿಯುವವರ ಮೇಲೆ ಹೇರಬಾರದು.

ಎರಡನೆಯದು ವೀಟ್ ಬಿಯರ್, ಗೋಧಿಯದು. ಇದನ್ನು ಮಾತ್ರ ಬಿಡಬೇಡ. ಹೋಗಾರ್ಡನ್ ಆಗಲಿ, ಬೀರಾ ವೈಟ್ ಆಗಲಿ, ಸಿಕ್ಕಿದ್ದು ತಾ. ಇಂದಿರಾನಗರದ ಟಾಯ್ಟ್ ಪಬ್‌ನಲ್ಲಿ ಸುಮಾ ಮೊದಲ ಸಲ ಬಿಯರ್ ಕುಡಿದು "ಇದು ಚೆನ್ನಾಗಿದೆಯಲ್ಲ" ಅಂದಿದ್ದು ನೆನಪಿದೆಯಾ? ಅದು ಗೋಧಿಯದೇ. ಕಹಿ ಕಡಿಮೆ, ಸ್ವಲ್ಪ ಮಬ್ಬು ಬಣ್ಣ, ಹಣ್ಣಿನ ಘಮ. ಬೆಲ್ಜಿಯಂನಲ್ಲಿ ಹೋಗಾರ್ಡನ್ ಅಂತ ಒಂದು ಊರಿದೆ. ಅಲ್ಲಿ ಈ ಥರದ ಬಿಯರ್ ಮಾಡುವುದೇ ನಿಂತುಹೋಗಿತ್ತು. ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಅನ್ನುವವರು 1966ರಲ್ಲಿ ಮತ್ತೆ ಶುರು ಮಾಡಿದರು. ಅದಕ್ಕೆ ಏನು ಹಾಕುತ್ತಾರೆ ಗೊತ್ತಾ? ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ. ನಮ್ಮ ಸಾರಿನ ಪುಡಿಗೆ ಹಾಕುವ ಅದೇ ಕೊತ್ತಂಬರಿ ಬೀಜ! ಅದಕ್ಕೇ ಇರಬೇಕು, ನಮ್ಮ ಮಸಾಲೆ ಜೊತೆ ಇದು ಅಷ್ಟು ಹೊಂದುತ್ತದೆ. ಇದನ್ನು 330 ಎಂ.ಎಲ್.ನ ಚಿಕ್ಕ ಬಾಟಲಿಯಲ್ಲೇ, ಅಂದರೆ ಪಿಂಟ್‌ನಲ್ಲೇ ತಗೋ. ದೊಡ್ಡ ಬಾಟಲಿ ಕೈಯಲ್ಲಿ ಹಿಡಿಯಲು ಸಂಕೋಚಪಡುವವರು ಪಿಂಟ್ ಆದರೆ ಆರಾಮಾಗಿ ತಗೊಳ್ಳುತ್ತಾರೆ.

ಲೆಕ್ಕ ಹೀಗೆ. ಕುಡಿಯುವವರು 16 ಜನ. ತಲೆಗೆ ಒಂದು ಲೀಟರ್ ಅಂದುಕೋ. ಮೈಲ್ಡ್ 650ರದು ಒಂದು ಕೇಸ್, ಹನ್ನೆರಡು ಬಾಟಲಿ, 7.8 ಲೀಟರ್. ವೀಟ್ ಪಿಂಟ್ ಒಂದು ಕೇಸ್, 24 ಬಾಟಲಿ, 7.9 ಲೀಟರ್. ಸ್ಟ್ರಾಂಗೇ ಬೇಕು ಅನ್ನುವವರಿಗೆ ಮೂರು ಬಾಟಲಿ, ಮೂರೇ. ಒಟ್ಟು ಹದಿನೇಳೂವರೆ ಲೀಟರ್ ಚಿಲ್ಲರೆ. ಚಿಕ್ಕಪ್ಪ ಬಿಯರ್ ಮುಟ್ಟುವವರಲ್ಲ, ಅವರಿಗೆ ಒಂದು ಕ್ವಾರ್ಟರ್ ವಿಸ್ಕಿ ಬೇರೆ ಇಡು. 2020ರ ಮೇನಲ್ಲಿ ಲಾಕ್‌ಡೌನ್ ಸಡಿಲವಾಗಿ ಅಂಗಡಿ ತೆರೆದಾಗ ಬೆಂಗಳೂರಿನ 52,841 ರೂಪಾಯಿಯ ಒಂದು ಬಿಲ್ ಎಲ್ಲರ ಮೊಬೈಲ್‌ನಲ್ಲಿ ಓಡಾಡಿತ್ತಲ್ಲ? ಅದರಲ್ಲಿ ಬಿಯರೇ 35 ಲೀಟರ್ ಇತ್ತು. ಆಗ ಒಬ್ಬರಿಗೆ ದಿನಕ್ಕೆ ಮಾರಬಹುದಾಗಿದ್ದು 18 ಲೀಟರ್, ಅಂಗಡಿಯವರ ಮೇಲೆ ಕೇಸಾಯಿತು. ನೀನೂ ಒಬ್ಬನೇ ಹೋಗಿ ಗಾಡಿ ತುಂಬಿಸಿಕೊಂಡು ಬರಬೇಡ. ಈಗಿನ ಮಿತಿ ಎಷ್ಟು ಅಂತ ಅಂಗಡಿಯಲ್ಲೇ ಕೇಳಿಕೋ.

ಈಗ ಆ ಎಂಟು ಜನ. ಅವರಿಗೆ ಬೇರೆ ಟೇಬಲ್ ಮಾಡಬೇಡ. ಬಿಯರ್ ಇಡುವ ಅದೇ ಟಬ್‌ನಲ್ಲಿ, ಅದೇ ಐಸ್‌ನಲ್ಲಿ ಅವರದೂ ಇರಲಿ. ಪುತ್ತೂರಿನ ಬಿಂದು ಜೀರಾ ಒಂದು ಡಜನ್ ತಾ. ಅದನ್ನು ಬೇಡ ಅನ್ನುವವರನ್ನು ನಾನು ನೋಡಿಲ್ಲ. ಪುನರ್ಪುಳಿ ಶರಬತ್ತು ಒಂದು ಜಗ್, ನಿಂಬೆಹಣ್ಣು, ಸೋಡಾ, ಉಪ್ಪು. ಕಾರು ಓಡಿಸಬೇಕಾದವರಿಗೆ ಆಲ್ಕೋಹಾಲ್ ಇಲ್ಲದ ಬಿಯರ್ ಹೈನೆಕೆನ್ 0.0 ನಾಲ್ಕು ಇರಲಿ. ಆದರೆ ಅದನ್ನು "ಇದರಲ್ಲಿ ಏನೂ ಇಲ್ಲ, ತಗೋ" ಅಂತ ಯಾರಿಗೂ ಒತ್ತಾಯ ಮಾಡಬೇಡ. ಬಿಯರ್ ಅನ್ನುವ ಹೆಸರೇ ಬೇಡ ಅನ್ನುವವರೂ ಇರುತ್ತಾರೆ, ಅದು ಅವರಿಷ್ಟ.

ಇನ್ನೊಂದು ಮಾತು. ಗಾಜಿನ ಗ್ಲಾಸ್ ಜೊತೆ ನಿಮ್ಮ ಮನೆಯ ಸ್ಟೀಲ್ ಲೋಟಗಳನ್ನೂ ಇಡು. ಚಿಕ್ಕಪ್ಪನ ಮಗ ಅವರೆದುರು ಗ್ಲಾಸ್ ಹಿಡಿಯುವುದಿಲ್ಲ. ಸುಮಾಳ ಗೆಳತಿಯರಲ್ಲೂ ಕೆಲವರಿಗೆ ಮುಜುಗರ ಇರಬಹುದು. ಸ್ಟೀಲ್ ಲೋಟದಲ್ಲಿ ಬಿಯರ್ ಇದೆಯೋ ಜೀರಾ ಇದೆಯೋ ಯಾರಿಗೂ ಕಾಣುವುದಿಲ್ಲ. ಕುಡಿಯುವವರೂ ಕುಡಿಯದವರೂ ಒಂದೇ ಥರದ ಲೋಟ ಹಿಡಿದು ನಿಂತರೆ ಆ ಟೆರೇಸ್ ಎಷ್ಟು ಹಗುರ ಅನಿಸುತ್ತೆ ನೋಡು. ಲೋಟ ಮಾತ್ರ ಚೆನ್ನಾಗಿ ತೊಳೆದಿರಲಿ. ಎಣ್ಣೆ ಜಿಡ್ಡಿದ್ದರೆ ನೊರೆ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ತಣ್ಣಗಿರಬೇಕು. ಮಧ್ಯಾಹ್ನವೇ ಟೆರೇಸ್ ಮೇಲೆ ತಂದು ಇಡಬೇಡ. ಬಿಸಿಲು ತಾಗಿದರೆ, ಅದರಲ್ಲೂ ಹಸಿರು ಬಾಟಲಿಯ ಬಿಯರ್‌ಗೆ, ಕೆಟ್ಟ ವಾಸನೆ ಬರುತ್ತದೆ. ಫ್ರೀಜರ್‌ನಲ್ಲಿ ಇಟ್ಟು ಮರೆತರೆ ಬಾಟಲಿ ಒಡೆಯುತ್ತದೆ. ದೊಡ್ಡ ಟಬ್‌ನಲ್ಲಿ ಐಸ್ ಹಾಕು, ಮುಳುಗುವಷ್ಟು ನೀರು ಹಾಕು, ಎರಡು ಹಿಡಿ ಕಲ್ಲುಪ್ಪು ಹಾಕು. ಬರೀ ಐಸ್‌ನಲ್ಲಿ ಬಾಟಲಿಗೆ ಅಲ್ಲಲ್ಲಿ ಮಾತ್ರ ತಂಪು ತಾಗುತ್ತದೆ. ನೀರಾದರೆ ಸುತ್ತ ತಬ್ಬಿಕೊಳ್ಳುತ್ತದೆ, ಉಪ್ಪು ಬಿದ್ದ ಐಸ್ ನೀರು ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಹೋಗುತ್ತದೆ. ಅರ್ಧ ಗಂಟೆ ಸಾಕು.

ನೆಂಚಿಕೊಳ್ಳೋಕೆ ನಿಪ್ಪಟ್ಟು, ಕಾಂಗ್ರೆಸ್ ಕಡಲೆಬೀಜ ನಾನೇ ಬೆಂಗಳೂರಿಂದ ತರುತ್ತೇನೆ. ಊಟ ಮಾತ್ರ ಹತ್ತು ಗಂಟೆಯವರೆಗೆ ಎಳೆಯಬೇಡ. ಎಂಟೂವರೆಗೇ ಬಡಿಸಿಬಿಡು.

ಆದರೆ ಶಿವು, ನೀನು ಪಾರ್ಟಿ ಇಟ್ಟಿರುವುದು ಶನಿವಾರ. ಚಿಕ್ಕಪ್ಪ ಶನಿವಾರ ಒಪ್ಪೊತ್ತು ಅಲ್ವಾ? ಮಾಂಸ, ಮದ್ಯ ಎರಡೂ ಮುಟ್ಟುವುದಿಲ್ಲ. ಮಂಡ್ಯದಿಂದ ನಿನಗೋಸ್ಕರ ಬಂದು ಸುಮ್ನೆ ಕೂತಿರಬೇಕಾಗುತ್ತೆ. ಇವತ್ತೇ ಅವರಿಗೆ ಒಂದು ಫೋನ್ ಮಾಡು. ಭಾನುವಾರಕ್ಕೆ ಬದಲಾಯಿಸುವುದಾದರೆ ನಾನು ನಾಲ್ಕು ಗಂಟೆಗೇ ಮೈಸೂರು ಮುಟ್ಟಿ, ಐಸ್ ತಗೊಂಡು ನಿಮ್ಮ ಮನೆಗೆ ಬರುತ್ತೇನೆ.

ನಿನ್ನ,
ರಘು