ಚಕ್ರ ತಿರುಗಿಸಿದವನ ಹೆಸರೂ ಬೇಕು: ಆಸ್ಟ್ರೇಲಿಯಾದ ಮಾಜಿ ಸೈನಿಕರ ವ್ಯವಹಾರಗಳ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ಸಂಗ್ರಹದಲ್ಲಿ ಎರಡನೇ ಮಹಾಯುದ್ಧದ ಒಂದು ರೇಡಿಯೋ ಇದೆ. ನೋಡಿದರೆ ಗುಜರಿ ಅಂಗಡಿಯ ಸಾಮಾನು. ಸೈನಿಕರು ಬ್ರಿಟನ್ನಿನ ಅಂದಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಹೆಸರಿನಿಂದ ಅದಕ್ಕೆ 'ವಿನ್ನಿ ದ ವಾರ್ ವಿನ್ನರ್' ಎಂದು ಹೆಸರಿಟ್ಟರು. ನನ್ನ ತಾತ ತಂತಿ ಮಾಸ್ತರರಾಗಿದ್ದವರು. ಟಕಟಕ ಸದ್ದು ಕೇಳುತ್ತಲೇ ಬೆಳೆದ ನನಗೆ ಈ ಪೆಟ್ಟಿಗೆಯ ಮೇಲೆ ವಿಶೇಷ ಮಮತೆ. ಮೆಲ್ಬರ್ನ್‌ನಲ್ಲಿರುವ ನಮ್ಮವರೂ ಓದಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ.

1942ರ ಫೆಬ್ರವರಿಯಲ್ಲಿ ಜಪಾನಿನ ಸೇನೆ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಿಮೋರ್ ದ್ವೀಪದಲ್ಲಿ ಇಳಿಯಿತು. ಪಶ್ಚಿಮ ಭಾಗದಲ್ಲಿದ್ದ ಆಸ್ಟ್ರೇಲಿಯಾದ ಪಡೆಯ ಬಹುಪಾಲು ಶರಣಾಯಿತು. ಪೂರ್ವದ ಬೆಟ್ಟಗಳಲ್ಲಿದ್ದ ಕಮಾಂಡೋಗಳು ಮಾತ್ರ ಕಾಡು ಹಿಡಿದು ಕಾದಾಡುತ್ತಲೇ ಉಳಿದರು. ತಾಯ್ನಾಡಿಗೆ ಸುದ್ದಿ ಮುಟ್ಟಿಸುವ ದಾರಿಯಿರಲಿಲ್ಲ. ಅಲ್ಲಿಯವರು ಇವರ ಆಸೆಯನ್ನೇ ಬಿಟ್ಟಿದ್ದರು. ಆಗ ಸಿಗ್ನಲರ್, ಅಂದರೆ ಸಂದೇಶ ಕಳಿಸುವ ಸೈನಿಕ, ಮ್ಯಾಕ್ಸ್ ಲವ್‌ಲೆಸ್ ಮತ್ತು ಜೊತೆಗಾರರು ಹಾಳುಬಿದ್ದ ಸೆಟ್ಟುಗಳ ಬಿಡಿಭಾಗಗಳನ್ನು ಕೂಡಿಹಾಕಿ, ಬಿದಿರಿನ ತುಂಡಿಗೆ ತಂತಿ ಸುತ್ತಿ, ಸೀಮೆಎಣ್ಣೆ ಡಬ್ಬದಲ್ಲಿ ಸಂದೇಶ ಕಳಿಸುವ ಒಂದು ಪ್ರೇಷಕವನ್ನು ಕಟ್ಟಿದರು. ಅದೇ ವಿನ್ನಿ. ಏಪ್ರಿಲ್‌ನಲ್ಲಿ ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ನಗರಕ್ಕೆ ಅದರ ಸದ್ದು ಕೇಳಿಸಿತು.

ಡಾರ್ವಿನ್ ನಂಬಲಿಲ್ಲ. ಇದು ಜಪಾನೀಯರ ಹೂಟವಾಗಿದ್ದರೆ? ಬೆಟ್ಟದಲ್ಲಿದ್ದ ಒಬ್ಬನ ಹೆಂಡತಿಯ ಹೆಸರನ್ನು ಕೇಳಿದರು, ಮನೆ ನಂಬರನ್ನು ಕೇಳಿದರು. ಹೆಸರು ಸರಿಯಾಗಿತ್ತು, ನಂಬರು 94, ಅದೂ ಸರಿಯಾಗಿತ್ತು. ಆಮೇಲೆ ಬೆಟ್ಟದವರು ಕೇಳಿದ್ದು ಬೂಟು, ಮಲೇರಿಯಾದ ಔಷಧಿ ಕ್ವಿನೈನ್, ದುಡ್ಡು, ಗುಂಡು. ಈ ಪಟ್ಟಿಯಲ್ಲಿ ಬೂಟು ಮೊದಲಿಗೆ ಬಂದದ್ದನ್ನು ಓದಿದಾಗಲೆಲ್ಲ ಆ ಬೆಟ್ಟದ ಕಲ್ಲುಗಳು ನನ್ನ ಅಂಗಾಲಿಗೇ ಚುಚ್ಚಿದಂತಾಗುತ್ತದೆ.

ಈ ಸಿಗ್ನಲರ್‌ಗಳ ಸೇವೆಯನ್ನು ನೀವು ಮರೆತಿಲ್ಲ. ಅದರ ಬಗ್ಗೆ ನನ್ನ ತಕರಾರೂ ಇಲ್ಲ. ಆದರೆ ಆ ರೇಡಿಯೋದ ಬ್ಯಾಟರಿ ಸುಮ್ಮನೆ ತುಂಬಿಕೊಳ್ಳಲಿಲ್ಲ. ಹಳೆಯ ಕಾರಿನ ಜನರೇಟರ್‌ಗೆ ಮರದ ಚಕ್ರಗಳನ್ನು ಜೋಡಿಸಿದ್ದರು. ಅವನ್ನು ಕೈಯಿಂದ ತಿರುಗಿಸಿದವನು ಒಬ್ಬ ಟಿಮೋರಿನವನು. ಅವನ ಹೆಸರು ನಾನು ಓದಿದ ಯಾವ ಬರಹದಲ್ಲೂ ಸಿಗಲಿಲ್ಲ. ಅವನ ಹೆಂಡತಿಯ ಹೆಸರನ್ನು ಯಾರೂ ಕೇಳಲಿಲ್ಲ. 'ಕ್ರಿಯಾದೊ' (ಪೋರ್ಚುಗೀಸಿನಲ್ಲಿ ಸೇವಕ) ಎಂದು ಕರೆಸಿಕೊಂಡ ಟಿಮೋರಿನ ಹುಡುಗರು ಇವರ ಮೂಟೆ ಹೊತ್ತರು, ದಾರಿ ತೋರಿಸಿದರು, ಅನ್ನ ಹುಡುಕಿ ತಂದರು. 1943ರ ಆರಂಭದ ಹೊತ್ತಿಗೆ ಆಸ್ಟ್ರೇಲಿಯಾದವರು ದ್ವೀಪ ಬಿಟ್ಟರು. ಹುಡುಗರು ಅಲ್ಲೇ ಉಳಿದರು. ಆ ಯುದ್ಧದಲ್ಲಿ ಸತ್ತ ಟಿಮೋರಿನವರು 40,000ಕ್ಕೂ ಹೆಚ್ಚೆಂಬ ಅಂದಾಜಿದೆ.

ಸ್ಮಾರಕದ ಕಂಚಿನ ಫಲಕಗಳಲ್ಲಿ ಮಡಿದವರ ಒಂದು ಲಕ್ಷಕ್ಕೂ ಮೀರಿದ ಹೆಸರುಗಳಿವೆ. ಅವು ನಿಮ್ಮ ಪಡೆಗಳವರಿಗೆ ಮೀಸಲು ಎಂಬ ನಿಯಮ ನನಗೆ ಗೊತ್ತು. ಅದನ್ನು ಮುರಿಯಿರಿ ಎನ್ನುತ್ತಿಲ್ಲ. ಹಿಂದಿರುಗಿದ ಸೈನಿಕರ ದಿನಚರಿ, ಕಾಗದಗಳಲ್ಲಿ ಈ ಹುಡುಗರ ಹೆಸರುಗಳು ಅಲ್ಲಲ್ಲಿ ಬರುತ್ತವೆ. ಒಬ್ಬರನ್ನು ಕೂರಿಸಿ ಅವನ್ನು ಹೆಕ್ಕಿ ತೆಗೆಸಿ. ಟಿಮೋರಿನ ಮನೆಗಳಲ್ಲಿ ಅಜ್ಜ ಹೇಳಿದ ಕಥೆ ನೆನಪಿರುವ ಮೊಮ್ಮಕ್ಕಳು ಇನ್ನೂ ಇದ್ದಾರೆ, ಅವರನ್ನೂ ಕೇಳಿಸಿ. ಸಿಕ್ಕಷ್ಟು ಹೆಸರುಗಳನ್ನು ವಿನ್ನಿಯ ಪಕ್ಕದಲ್ಲಿ, ಇಂಗ್ಲಿಷಿನ ಜೊತೆ ಟಿಮೋರಿನವರ ಟೆಟುಮ್ ಭಾಷೆಯಲ್ಲೂ ಬರೆಸಿ. ಚಕ್ರ ತಿರುಗಿಸಿದವನ ಹೆಸರು ಸಿಗದಿದ್ದರೆ ಅವನಿಗಾಗಿ ಒಂದು ಸಾಲನ್ನು ಖಾಲಿ ಬಿಡಿಸಿ.

ಇತಿ,
ಮೆಲ್ಬರ್ನ್‌ನ ಒಬ್ಬ ಕನ್ನಡಿಗ