ಹಳ್ಳದ ಕಲ್ಲಿನಡಿ ಯಾರಿದ್ದಾರೆ? ಪಾಲಕರಿಗೊಂದು ಪತ್ರ

ಪ್ರೀತಿಯ ಪಾಲಕರೇ, ನಮಸ್ಕಾರ.

ಬರುವ ಶನಿವಾರ ಬೆಳಿಗ್ಗೆ 7ನೇ ತರಗತಿಯ ಮಕ್ಕಳನ್ನು ನಮ್ಮೂರ ಹಳ್ಳಕ್ಕೆ ಕರೆದುಕೊಂಡು ಹೋಗುತ್ತೇವೆ. ಮೊದಲು ಊರಿನ ಮೇಲ್ಗಡೆ, ಕಾಡಿನ ಅಂಚಿಗೆ. ಆಮೇಲೆ ಸೇತುವೆಯ ಕೆಳಗೆ. ಎರಡೂ ಕಡೆ ನೀರೊಳಗಿನ ಕಲ್ಲು ಎತ್ತಿ, ಅದರಡಿ ಯಾವ ಯಾವ ಜೀವ ಇದೆ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. "ಹುಳ ನೋಡಾಕ ಹಳ್ಳಕ್ಕ ಯಾಕ್ರೀ ಸರ, ಪುಸ್ತಕದಾಗ ಇಲ್ಲೇನ್ರಿ?" ಎಂದು ಕೆಲವರು ಕೇಳಿದ್ದೀರಿ. ಅದಕ್ಕೇ ಈ ಪತ್ರ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ಹೊಳೆ ಮಾಡುವುದು ನಮ್ಮ ಖಾನಾಪುರ ತಾಲ್ಲೂಕಿನ ಇಂಥ ಹಳ್ಳಗಳೇ. ಇದೇ ನೀರು ನವಿಲುತೀರ್ಥದ ಅಣೆಕಟ್ಟಿಗೆ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡದವರು ಅದನ್ನು ಕುಡಿಯುತ್ತಾರೆ. ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಮೊದಲು ಎಷ್ಟು ಹೊಲ, ಎಷ್ಟು ಊರು ಅದನ್ನು ನಂಬಿವೆ ನೋಡಿ.

ನೀರು ಹೇಗಿದೆ ಎಂದು ತಿಳಿಯಲು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಬಹುದು. ಅದು ಆ ಹೊತ್ತಿನ ನೀರಿನ ಸಂಗತಿ ಮಾತ್ರ ಹೇಳುತ್ತದೆ. ನಿನ್ನೆ ರಾತ್ರಿ ಯಾರೋ ವಿಷ ಸುರಿದಿದ್ದರೆ ಅದು ಆಗಲೇ ಹರಿದು ಹೋಗಿರುತ್ತದೆ. ಆದರೆ ತಳದ ಜೀವಿಗಳು ತಿಂಗಳುಗಟ್ಟಲೆ ಅದೇ ಕಲ್ಲಿನಡಿ ಇರುತ್ತವೆ. ನೀರಿಗೆ ಬಂದದ್ದೆಲ್ಲ ಅವುಗಳ ಮೈಮೇಲೇ ಹಾದು ಹೋಗುತ್ತದೆ. ತಾಳಿಕೊಳ್ಳುವವು ಬದುಕುತ್ತವೆ, ತಾಳದವು ಸಾಯುತ್ತವೆ. ಯಾವುದು ಇದೆ, ಯಾವುದು ಇಲ್ಲ ಎಂಬುದರಿಂದಲೇ ಹಳ್ಳದ ಸ್ಥಿತಿ ಗೊತ್ತಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೂಡ ನದಿಗಳನ್ನು ಹೀಗೆ ಪರೀಕ್ಷಿಸಿದೆ. ಆ ಪದ್ಧತಿಯಲ್ಲಿ ಪ್ರತಿ ಕುಟುಂಬದ, ಅಂದರೆ ಹತ್ತಿರದ ಸಂಬಂಧದ ಜೀವಿಗಳ ಗುಂಪಿಗೆ 1ರಿಂದ 10ರವರೆಗೆ ಅಂಕ. ಶುದ್ಧ ನೀರಿಲ್ಲದೆ ಬದುಕದವಕ್ಕೆ ಜಾಸ್ತಿ, ಹೊಲಸಲ್ಲೂ ಬದುಕುವವಕ್ಕೆ ಕಡಿಮೆ. ನಮ್ಮ ಮಕ್ಕಳೂ ಹಾಗೇ ಅಂಕ ಹಾಕಲಿದ್ದಾರೆ.

ಈ ಜೀವಿಗಳ ಬದುಕು ಎಷ್ಟು ಚಂದ ಎಂದು ನಿಮಗೂ ಹೇಳಬೇಕು. ಮೇಫ್ಲೈ ಎಂಬ ಕೀಟದ ಮರಿಗೆ ಸಾಮಾನ್ಯವಾಗಿ ಮೂರು ಎಳೆಯ ಬಾಲ. ಹೊಟ್ಟೆಯ ಅಕ್ಕಪಕ್ಕದ ಕಿವಿರುಗಳಿಂದ ಉಸಿರಾಡುತ್ತದೆ. ಕಲ್ಲಿನ ಪಾಚಿ ತಿಂದು ತಿಂಗಳುಗಟ್ಟಲೆ ನೀರಲ್ಲೇ ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ಊಟವೇ ಇಲ್ಲ. ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಬದುಕಿ ಮೊಟ್ಟೆ ಇಟ್ಟು ಸಾಯುತ್ತದೆ. ಕ್ಯಾಡಿಸ್ ಹುಳುಗಳಲ್ಲಿ ಕೆಲವು ತಮ್ಮ ಬಾಯಿಂದ ಬರುವ ರೇಷ್ಮೆಯಲ್ಲಿ ಮರಳಿನ ಕಣ, ಕಡ್ಡಿ ಅಂಟಿಸಿ ಪುಟ್ಟ ಮನೆ ಕಟ್ಟಿ ಅದರೊಳಗೇ ಇರುತ್ತವೆ. ಮಕ್ಕಳು ಬೆನ್ನಟ್ಟುವ ಏರೋಪ್ಲೇನ್ ಚಿಟ್ಟೆಯ ಬಾಲ್ಯವೂ ನೀರಲ್ಲೇ. ಅದರ ಮರಿ ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುತ್ತದೆ. ಏಡಿ, ಬಸವನಹುಳು, ಮೀನು, ಹಳ್ಳದ ಮೇಲೆ ಹಾರುವ ಹಕ್ಕಿ, ಎಲ್ಲಕ್ಕೂ ಇವುಗಳ ಜೊತೆ ಕೊಟ್ಟು ತೆಗೆದುಕೊಳ್ಳುವ ಸಂಬಂಧ ಇದೆ.

ಸೇತುವೆಯ ಕೆಳಗೆ ಚಿತ್ರ ಬೇರೆ ಇರಬಹುದೆಂದು ನನಗೆ ಆತಂಕ. ಊರಿನ ಗಟಾರದ ನೀರು ಅಲ್ಲೇ ಹಳ್ಳಕ್ಕೆ ಬೀಳುತ್ತದೆ. ಹೊಲಸು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಅಂಥಲ್ಲಿ ಕೆಸರಿನಲ್ಲಿ ಕೆಂಪು ಹುಳು ಹೆಚ್ಚುತ್ತದೆ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅದಕ್ಕೂ ಇರುವುದರಿಂದ ಆಮ್ಲಜನಕ ಕಡಿಮೆ ಇದ್ದರೂ ಬದುಕುತ್ತದೆ. ಮೇಫ್ಲೈಗೆ ಅದು ಆಗುವುದಿಲ್ಲ. ದಂಡೆಯ ಹೊಂಗೆ, ನೇರಳೆ, ಅತ್ತಿ ಕಡಿದರೆ ಬಿಸಿಲು ನೇರ ಬಿದ್ದು ನೀರು ಕಾಯುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಉದುರಿದ ಎಲೆ ತಿಂದು ಬದುಕುವ ಹುಳುಗಳ ಊಟವೂ ಹೋಗುತ್ತದೆ. ಮರಳು ತೆಗೆದರೆ ಮನೆಯೇ ಹೋಯಿತು. ಹೊಲದ ಮಣ್ಣು ಕೊಚ್ಚಿ ಬಂದು ಕಲ್ಲಿನ ಸಂದುಗಳಲ್ಲಿ ಕೂತರೂ ಅಷ್ಟೇ, ಅಡಗುವ ಜಾಗವೇ ಉಳಿಯುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಬೆಳೆಗೆ ಕೀಟದ ಔಷಧಿ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯುವುದನ್ನು ನೋಡಿದಾಗ. ಬೆಳೆಯ ಕೀಟ ಕೊಲ್ಲುವ ಔಷಧಿಗೆ ನೀರಿನ ಕೀಟ ಬೇರೆ ಅಂತ ಗೊತ್ತಾಗುವುದಿಲ್ಲ ಅಲ್ವಾ? ಕೆಲವು ಔಷಧಿಗಳು ತೀರಾ ಕಡಿಮೆ ಪ್ರಮಾಣದಲ್ಲೇ ಈ ಮರಿಗಳನ್ನು ಕೊಲ್ಲುತ್ತವೆ. ಪಂಪನ್ನು ಹೊಲದಲ್ಲೇ ತೊಳೆದು, ಆ ನೀರನ್ನು ಔಷಧಿ ಹೊಡೆದ ಬೆಳೆಗೇ ಹಾಕಿ. ಖಾಲಿ ಡಬ್ಬಿ ಹಳ್ಳಕ್ಕೆ ಎಸೆಯಬೇಡಿ. ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿಯುವುದನ್ನಂತೂ ಕೈಮುಗಿದು ಕೇಳುತ್ತೇನೆ, ನಿಲ್ಲಿಸಿ. ಅದು ಕೆಳಗಿನವರೆಗೂ ಎಲ್ಲವನ್ನೂ ಸಾಯಿಸುತ್ತಾ ಹೋಗುತ್ತದೆ. ಬಟ್ಟೆ ಒಗೆಯುವವರು ಬಕೆಟ್ಟಿನಲ್ಲಿ ನೀರು ತಂದು, ದಂಡೆಯಿಂದ ದೂರ ಒಗೆದರೆ ಅದೂ ದೊಡ್ಡ ಉಪಕಾರ.

ಶನಿವಾರ ನೀರು ಮೊಣಕಾಲಿಗಿಂತ ಕೆಳಗಿರುವ ಕಡೆ ಮಾತ್ರ ಇಳಿಯುತ್ತೇವೆ. ಮೇಲೆ ಮಳೆಯಾದರೆ ಹೋಗುವುದಿಲ್ಲ. ಶಿಕ್ಷಕರು ಮಕ್ಕಳ ಜೊತೆಗೇ ಇರುತ್ತಾರೆ. ಹಿಡಿದ ಜೀವಿಗಳನ್ನು ಬಿಳಿ ತಟ್ಟೆಯಲ್ಲಿ ನೋಡಿ ಅಲ್ಲೇ ಬಿಡುತ್ತೇವೆ, ಎತ್ತಿದ ಕಲ್ಲನ್ನು ಮೊದಲಿದ್ದ ಹಾಗೇ ಇಡುತ್ತೇವೆ. ಜಾರದ ಚಪ್ಪಲಿ, ಟೊಪ್ಪಿಗೆ, ಕುಡಿಯುವ ನೀರು, ಒಂದು ಜೊತೆ ಬಟ್ಟೆ ಕಳಿಸಿ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕೊಡಿ. ಮೊದಲು ಈ ಹಳ್ಳದಲ್ಲಿ ಯಾವ ಮೀನು, ಎಂಥ ಏಡಿ ಸಿಗುತ್ತಿದ್ದವು ಎಂದು ಬಲ್ಲ ಅಜ್ಜ-ಅಜ್ಜಿಯರು ಮನೆಯಲ್ಲಿದ್ದರೆ ಅವರನ್ನೂ ಕರೆತನ್ನಿ. ಅವರು ಹೇಳುವುದನ್ನೂ ಮಕ್ಕಳು ಬರೆದುಕೊಳ್ಳಬೇಕು.

ನಿಮ್ಮ ವಿಶ್ವಾಸಿ,
ಮುಖ್ಯಗುರುಗಳು